ಹಳೇ ಸಿಗರೇಟ್ ಕಾರ್ಡಿನ ರಂಗನಟಿಯರು: ಗುರುತಿಸಿ, ಕೊಂಡು, ಕಾಪಾಡುವ ಸಮಗ್ರ ಮಾರ್ಗದರ್ಶಿ

ಒಂದು ಕಾಲದಲ್ಲಿ ಸಿಗರೇಟ್ ಪ್ಯಾಕಿನೊಳಗೆ ನಟಿಯರ ಪುಟ್ಟ ಫೋಟೋ ಕಾರ್ಡ್ ಬರುತ್ತಿತ್ತು. ಇವನ್ನು ಸಂಗ್ರಹಿಸಲು ಹೊರಟವರು ಮೊದಲು ನೋಡುವುದು ಮುಖವನ್ನೇ. ಅದು ಸಹಜ, ಕಾರ್ಡ್ ಮಾಡಿದವರಿಗೂ ಬೇಕಾಗಿದ್ದು ಅದೇ. ಆದರೆ ಈ ಹವ್ಯಾಸದಲ್ಲಿ ಮುಖ ನೋಡಿ ಮಣೆ ಹಾಕಿದರೆ ದುಡ್ಡು ಕಳೆದುಕೊಳ್ಳುತ್ತೀರಿ. ಕಾರ್ಡಿನ ಬೆನ್ನು, ಅಂಚು, ಮೇಲ್ಮೈ, ಚಿತ್ರದ ಕೆಳಗಿನ ಒಂದು ಸಾಲು ಅಕ್ಷರ, ಇಷ್ಟನ್ನು ಮೊದಲು ಓದಿ. ಮುಖ ಆಮೇಲೆ.

ನಾನಿಲ್ಲಿ ಮುಖ್ಯವಾಗಿ ಎರಡು ಗುಂಪಿನ ಬಗ್ಗೆ ಹೇಳುತ್ತೇನೆ: 1880ರ ದಶಕದ ಅಮೆರಿಕದ ಕಾರ್ಡ್‌ಗಳು, ಮತ್ತು 1894ರಿಂದ 1907ರವರೆಗೆ ಇಂಗ್ಲೆಂಡಿನ ಲಿವರ್‌ಪೂಲ್‌ನ ಆಗ್ಡೆನ್ಸ್ ಕಂಪನಿ ತನ್ನ ಗಿನಿ ಗೋಲ್ಡ್ ಸಿಗರೇಟಿನ ಜೊತೆ ಕೊಟ್ಟ ಫೋಟೋ ಕಾರ್ಡ್‌ಗಳು. ಹೊಸಬರು ಈ ಎರಡರಲ್ಲಿ ಒಂದನ್ನು ಹಿಡಿದರೆ ಸಾಕು.

ಮೊದಲು ಸ್ವಲ್ಪ ಹಿನ್ನೆಲೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ, ಕಾರ್ಡಿನ ಕಾಲ ಹೇಳುವಾಗ ಇದೇ ಕೆಲಸಕ್ಕೆ ಬರುವುದು.

ಆಗಿನ ಸಿಗರೇಟ್ ಪ್ಯಾಕ್ ಅಂದರೆ ಮೆತ್ತನೆಯ ಕಾಗದದ ಪೊಟ್ಟಣ. ಜೇಬಿನಲ್ಲಿಟ್ಟರೆ ಸಿಗರೇಟ್ ಮುರಿಯುತ್ತಿತ್ತು. ಅದಕ್ಕೇ ಒಳಗೊಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು. ಖಾಲಿ ರಟ್ಟನ್ನು ಸುಮ್ನೆ ಯಾಕೆ ಬಿಡಬೇಕು ಅಂತ ಅದರ ಮೇಲೆ ಚಿತ್ರ ಬಂತು, ಚಿತ್ರ ಬಂದ ಮೇಲೆ ಸರಣಿ ಬಂತು, ಸರಣಿ ಪೂರ್ತಿ ಮಾಡುವ ಆಸೆಗೆ ಜನ ಅದೇ ಬ್ರ್ಯಾಂಡನ್ನೇ ಮತ್ತೆ ಮತ್ತೆ ಕೊಳ್ಳತೊಡಗಿದರು. ಹೊತ್ತಿಗೆ ಸರಿಯಾಗಿ ಜೇಮ್ಸ್ ಬಾನ್‌ಸ್ಯಾಕ್‌ನ ಸಿಗರೇಟ್ ಸುತ್ತುವ ಯಂತ್ರವೂ ಬಂತು. ನಾರ್ತ್ ಕ್ಯಾರೊಲಿನಾದ ಡರ್ಹ್ಯಾಮ್‌ನ ಡ್ಯೂಕ್ ಕಂಪನಿ ಅದನ್ನು ಹಾಕಿಕೊಂಡಿತು. ದಿನಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸಿಗರೇಟ್ ಸುತ್ತುವ ಯಂತ್ರ ಅದು. ಅಷ್ಟೊಂದು ಮಾಲು ಖರ್ಚಾಗಬೇಕಲ್ಲ, ಜಾಹೀರಾತಿಗೆ ಹಣ ಸುರಿದರು.

ನಟಿಯರೇ ಯಾಕೆ? ಸೇದುವವರು ಬಹುಪಾಲು ಗಂಡಸರು, ಮತ್ತು ಆ ಕಾಲದಲ್ಲಿ ಊರೂರಿಗೆ ಮುಖಪರಿಚಯವಿದ್ದ ಹೆಂಗಸರು ಅಂದರೆ ರಂಗಭೂಮಿಯವರೇ. ಲಿಲಿಯನ್ ರಸೆಲ್, ಲಿಲ್ಲಿ ಲ್ಯಾಂಗ್ಟ್ರಿ, ಪಾಲಿನ್ ಹಾಲ್, ಫೇ ಟೆಂಪಲ್ಟನ್, ಇವರೆಲ್ಲ ಕಾರ್ಡ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತಾರೆ. ಕಾಲಿಗೆ ಬಿಗಿಯಾದ ಟೈಟ್ಸ್ ಹಾಕಿದ ಭಂಗಿಗಳೂ ಧಾರಾಳ. ಇದು ಆಗಲೇ ಕೆಲವರ ಕಣ್ಣು ಕೆಂಪಾಗಿಸಿತ್ತು. 1894ರಲ್ಲಿ ಮುದುಕ ವಾಷಿಂಗ್ಟನ್ ಡ್ಯೂಕ್ ತನ್ನ ಮಗ ಜೇಮ್ಸ್ ಡ್ಯೂಕ್‌ಗೆ ಪತ್ರ ಬರೆದು, ಇಂಥ ಅಶ್ಲೀಲ ಫೋಟೋ ಹಂಚುವುದು ತನಗೆ ಸರಿ ಕಾಣುವುದಿಲ್ಲ ಅಂತ ಬೇಸರ ತೋಡಿಕೊಂಡಿದ್ದ. ಆ ಕಂಪನಿಯ ಮೂಲಪುರುಷನೇ ಅವನು, ಆ ಹೊತ್ತಿಗಾಗಲೇ ಅಪ್ಪನ ಮಾತಿಗಿಂತ ವ್ಯಾಪಾರ ದೊಡ್ಡದಾಗಿತ್ತು.

ಈಗ ಬಾಯಿಪಾಠ ಮಾಡಿಕೊಳ್ಳಬೇಕಾದ ಇಸವಿ 1890. ಆ ವರ್ಷ ಐದು ದೊಡ್ಡ ಕಂಪನಿಗಳು ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿ ಆದವು: ಡ್ಯೂಕ್, ರಿಚ್ಮಂಡ್‌ನ ಅಲೆನ್ ಅಂಡ್ ಗಿಂಟರ್, ನ್ಯೂಯಾರ್ಕಿನ ಕಿನ್ನಿ ಬ್ರದರ್ಸ್ ಮತ್ತು ಗುಡ್‌ವಿನ್, ರಾಚೆಸ್ಟರ್‌ನ ಕಿಂಬಲ್. ಪೈಪೋಟಿ ನಿಂತಿತು, ಕಾರ್ಡ್‌ಗೆ ದುಡ್ಡು ಸುರಿಯುವ ಅಗತ್ಯವೂ ಕಡಿಮೆಯಾಯಿತು. ಹಾಗಾಗಿ ಈ ಹಳೇ ಹೆಸರುಗಳನ್ನು ಹೊತ್ತ ನಟಿಯರ ಫೋಟೋ ಕಾರ್ಡ್‌ಗಳಲ್ಲಿ ಹೆಚ್ಚಿನವು 1880ರ ದಶಕದ ನಡುವಿನಿಂದ ಈಚೆಗಿನ ಕೆಲವೇ ವರ್ಷಗಳವು.

ಹೆಜ್ಜೆ 1: ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು, ಅಕ್ಕಸಾಲಿಗರು ಬಳಸುವಂಥದ್ದೇ ಸಾಕು. ಮಿಲಿಮೀಟರ್ ಗುರುತಿರುವ ಸ್ಕೇಲ್. ಖೋಟಾ ನೋಟು ನೋಡುವ ಯುವಿ ಟಾರ್ಚ್. ಒಂದು ಮಾಮೂಲಿ ಟಾರ್ಚ್. ಅಷ್ಟೇ. ಕೈ ತೊಳೆದು ಪೂರ್ತಿ ಒರೆಸಿಕೊಂಡು, ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಜಿಡ್ಡು ಇಂದು ಕಾಣುವುದಿಲ್ಲ, ಹತ್ತು ವರ್ಷ ಬಿಟ್ಟು ಕಾಣುತ್ತದೆ.

ಹೆಜ್ಜೆ 2: ಇದು ನಿಜವಾಗಿ ಫೋಟೋನಾ?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಕಲಿಯುತ್ತೇನೆ ಅನ್ನುವವರು ಇದನ್ನು ಕಲಿಯಿರಿ. ನಟಿಯರ ಸಿಗರೇಟ್ ಕಾರ್ಡ್‌ಗಳಲ್ಲಿ ಕಲ್ಲಚ್ಚಿನಲ್ಲಿ ಬಣ್ಣಬಣ್ಣವಾಗಿ ಮುದ್ರಿಸಿದವು ಇವೆ, ಫೋಟೋ ನೋಡಿ ಅಚ್ಚು ಹಾಕಿದವು ಇವೆ, ಮತ್ತು ಫೋಟೋ ಕಾಗದದ ಮೇಲೆಯೇ ಮೂಡಿದ ನಿಜವಾದ ಫೋಟೋಗಳಿವೆ. ಬರಿಗಣ್ಣಿಗೆ ಎರಡನೆಯದೂ ಮೂರನೆಯದೂ ಒಂದೇ ಥರ ಕಾಣುತ್ತವೆ.

ಲೂಪ್ ಇಟ್ಟು ಕೆನ್ನೆಯ ಭಾಗ ನೋಡಿ. ದಿನಪತ್ರಿಕೆಯ ಚಿತ್ರದಲ್ಲಿರುವ ಹಾಗೆ ಸಾಲಾಗಿ ಚುಕ್ಕಿ ಕಂಡರೆ ಅದು ಅಚ್ಚು. ಸಾಲಿಲ್ಲದೆ, ಹುಳು ಹರಿದಾಡಿದ ಹಾಗೆ ಸಣ್ಣ ಸಣ್ಣ ಸುಕ್ಕುಗೆರೆ ಕಂಡರೆ ಅದು ಕೊಲೊಟೈಪ್ ಅನ್ನುವ ಮುದ್ರಣ, ಅದೂ ಅಚ್ಚೇ. ಚುಕ್ಕಿಯೂ ಇಲ್ಲ, ಸುಕ್ಕುಗೆರೆಯೂ ಇಲ್ಲ, ಕಪ್ಪಿನಿಂದ ಬಿಳುಪಿಗೆ ನುಣ್ಣಗೆ ಹೋಗಿದೆ ಅಂದರೆ ಅದು ಫೋಟೋ.

ಫೋಟೋ ಅಂತ ಖಾತ್ರಿಯಾದ ಮೇಲೆ ಯಾವ ಬಗೆ ಅಂತ ನೋಡಬೇಕು. 1880ರ ದಶಕದ ಅಮೆರಿಕದ ಕಾರ್ಡ್‌ಗಳು ಸಾಮಾನ್ಯವಾಗಿ ಆಲ್ಬ್ಯೂಮೆನ್ ಪ್ರಿಂಟ್‌ಗಳು. ಮೊಟ್ಟೆಯ ಬಿಳಿಲೋಳೆ ಬಳಿದ ತೆಳು ಕಾಗದದ ಮೇಲೆ ಬೆಳ್ಳಿಯ ಲವಣದಿಂದ ಮೂಡಿದ ಚಿತ್ರ ಅದು. ಕಾಗದ ತೀರಾ ತೆಳುವಾಗಿದ್ದರಿಂದ ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೇ ಗಟ್ಟಿ ರಟ್ಟಿಗೆ ಅಂಟಿಸಿರುತ್ತಾರೆ. ಅಂಚನ್ನು ಲೂಪ್‌ನಲ್ಲಿ ನೋಡಿದರೆ ಎರಡು ಪದರ ಬೇರೆ ಬೇರೆಯಾಗಿ ಕಾಣುತ್ತವೆ.

ಇಂಥ ಒಂದು ಕಾರ್ಡನ್ನು ಲೂಪ್ ಕೆಳಗಿಟ್ಟು ನಿಧಾನವಾಗಿ ನೋಡಿದ್ದೀರಾ? ಬಣ್ಣ ಕಂದು, ಕೆಲವು ಕಡೆ ನೇರಳೆ ಛಾಯೆ. ಬಿಳಿಯಾಗಿರಬೇಕಿದ್ದ ಹಣೆ, ತೋಳು ಎಲ್ಲ ಹಳದಿಗೆ ತಿರುಗಿವೆ. ಆ ಹಳದಿಯ ಅಡಿಯಲ್ಲಿ ಕಾಗದದ ನಾರು ಎಳೆ ಎಳೆಯಾಗಿ ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಹೊಳಪಿನ ಮೇಲೆಲ್ಲ ಕೂದಲಿಗಿಂತ ಸಣ್ಣ ಬಿರುಕು. ಸ್ಟುಡಿಯೊದ ಬಣ್ಣ ಬಳಿದ ಪರದೆ, ಅದರ ಮುಂದೆ ಹುಲ್ಲಿನ ಥರ ಏನೋ ಹರಡಿದ್ದಾರೆ, ಆಕೆಯ ಮೊಣಕಾಲಿನ ಹತ್ತಿರ ಟೈಟ್ಸ್ ಸ್ವಲ್ಪ ಸುಕ್ಕುಗಟ್ಟಿದೆ. ಅಚ್ಚಿನಲ್ಲಿ ಈ ಸುಕ್ಕು ಉಳಿಯುವುದೇ ಇಲ್ಲ, ಚುಕ್ಕಿಗಳ ನಡುವೆ ಮಾಯವಾಗುತ್ತದೆ.

ಆಗ್ಡೆನ್ಸ್ ಗಿನಿ ಗೋಲ್ಡ್ ಕಾರ್ಡ್‌ಗಳು ಬೇರೆ ರೀತಿ. ಅವು ಜೆಲಟಿನ್, ಅಂದರೆ ಪ್ರಾಣಿಮೂಲದ ಒಂದು ಬಗೆಯ ಅಂಟು ಬಳಿದ ಫೋಟೋ ಕಾಗದದವು. ಮೇಲ್ಮೈ ಹೆಚ್ಚು ನುಣುಪು, ನಾರು ಕಾಣುವುದಿಲ್ಲ. ಕಾರ್ಡನ್ನು ಬೆಳಕಿಗೆ ಓರೆ ಮಾಡಿದರೆ ಕಪ್ಪು ಭಾಗಗಳ ಮೇಲೆ, ಅದರಲ್ಲೂ ಅಂಚಿನಲ್ಲಿ, ನೀಲಿ ಮಿಶ್ರಿತ ಬೆಳ್ಳಿ ಹೊಳಪು ಕಾಣಬಹುದು. ಚಿತ್ರದಲ್ಲಿನ ಬೆಳ್ಳಿ ಕಾಲಕ್ರಮೇಣ ಮೇಲೆ ಬಂದು ಕೂತದ್ದು ಅದು. ನೋಡಲು ಹಾಳಾದ ಹಾಗಿದ್ದರೂ ನನಗೆ ಅದು ಇಷ್ಟ, ಯಾಕಂದರೆ ನಕಲು ಮಾಡುವವನಿಗೆ ಅದನ್ನು ತರುವುದು ಸುಲಭವಲ್ಲ.

ಕೊನೆಗೆ ಯುವಿ ಟಾರ್ಚ್. ಕೋಣೆ ಕತ್ತಲು ಮಾಡಿ ಬೆನ್ನಿನ ಮೇಲೆ ಬೆಳಕು ಬಿಡಿ. ಕಾಗದ ಹೊಸ ಬಿಳಿ ಅಂಗಿಯ ಹಾಗೆ ನೀಲಿಬಿಳುಪಾಗಿ ಫಳಫಳ ಹೊಳೆದರೆ ಅನುಮಾನ ಪಡಿ. ಕಾಗದಕ್ಕೆ ಬಿಳುಪು ಕೊಡುವ ಆ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ಆಸುಪಾಸಿನಿಂದ. ಆದರೆ ಹೊಳೆಯಲಿಲ್ಲ ಅಂದಮಾತ್ರಕ್ಕೆ ಹಳೇದು ಅಂತ ತೀರ್ಮಾನಿಸಬೇಡಿ. ಹೊಳೆಯದ ಹೊಸ ಕಾಗದವೂ ಇರುತ್ತದೆ.

ಹೆಜ್ಜೆ 3: ಅಕ್ಷರ ಮತ್ತು ಬೆನ್ನು ಓದಿ

ಚಿತ್ರದ ಕೆಳಗೆ ಸಾಮಾನ್ಯವಾಗಿ ಬ್ರ್ಯಾಂಡ್ ಹೆಸರು, ಜೊತೆಗೆ ಕಂಪನಿ ಹೆಸರು ಇರುತ್ತದೆ. ಡ್ಯೂಕ್ ಕಂಪನಿಯದಾದರೆ ಕ್ಯಾಮಿಯೊ ಅಥವಾ ಕ್ರಾಸ್ ಕಟ್. ಅಲೆನ್ ಅಂಡ್ ಗಿಂಟರ್ ಆದರೆ ವರ್ಜಿನಿಯಾ ಬ್ರೈಟ್ಸ್. ಕಿನ್ನಿ ಆದರೆ ಸ್ವೀಟ್ ಕ್ಯಾಪೊರಲ್. ಗುಡ್‌ವಿನ್ ಆದರೆ ಓಲ್ಡ್ ಜಡ್ಜ್ ಅಥವಾ ಜಿಪ್ಸಿ ಕ್ವೀನ್. ಬ್ರ್ಯಾಂಡ್ ಒಂದು ಕಡೆ, ಕಂಪನಿ ಇನ್ನೊಂದು ಕಡೆ ಎಳೆಯುತ್ತಿದ್ದರೆ ಆ ಕಾರ್ಡನ್ನು ಪಕ್ಕಕ್ಕಿಡಿ.

ಓಲ್ಡ್ ಜಡ್ಜ್ ಕಾರ್ಡ್‌ಗಳಲ್ಲಿ ಅಕ್ಷರವೂ ಫೋಟೋದ ಭಾಗವೇ. ಅಂದರೆ ಅಕ್ಷರ ಬೇರೆ ಶಾಯಿಯಲ್ಲಿ ಮೇಲಿಂದ ಒತ್ತಿದ್ದಲ್ಲ, ನೆಗೆಟಿವ್‌ನಲ್ಲೇ ಇತ್ತು. ಲೂಪ್‌ನಲ್ಲಿ ನೋಡಿದರೆ ಅಕ್ಷರದ ಬಣ್ಣವೂ ಚಿತ್ರದ ಬಣ್ಣವೂ ಒಂದೇ ಆಗಿರಬೇಕು.

ಬೆನ್ನು ಖಾಲಿ ಇದ್ದರೆ ಗಾಬರಿಯಾಗಬೇಡಿ. ಫೋಟೋ ಕಾರ್ಡ್‌ಗಳಲ್ಲಿ ಖಾಲಿ ಬೆನ್ನು ಮಾಮೂಲು. ಆಗ ನೋಡಬೇಕಾದದ್ದು ಕಲೆಗಳನ್ನು: ಆಲ್ಬಮ್‌ನಿಂದ ಕಿತ್ತ ಅಂಟಿನ ಗುರುತು, ಯಾರೋ ಪೆನ್ಸಿಲ್‌ನಲ್ಲಿ ಬರೆದ ನಂಬರ್, ತಂಬಾಕಿನ ಕಂದು ಕಲೆ. ಇವೆಲ್ಲ ಬೆಲೆ ಇಳಿಸುತ್ತವೆ, ಆದರೆ ಕಾರ್ಡ್ ನಿಜವಾಗಿ ಬಾಳಿ ಬಂದಿದೆ ಅನ್ನುವುದಕ್ಕೆ ಸಾಕ್ಷಿಯನ್ನೂ ಹೇಳುತ್ತವೆ.

ಅಳತೆ ಮರೆಯಬೇಡಿ. ಅಮೆರಿಕದ ಈ ಕಾರ್ಡ್‌ಗಳು ಸುಮಾರು 6.6 ಸೆಂ.ಮೀ. ಉದ್ದ, 3.7 ಸೆಂ.ಮೀ. ಅಗಲದ ಆಸುಪಾಸಿನಲ್ಲಿರುತ್ತವೆ. ಕೈಯಲ್ಲಿ ಕತ್ತರಿಸಿದ ಕಾಲ, ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ನಾಲ್ಕು ಮೂಲೆ ಚೂಪಾಗಿದ್ದು, ಅಂಚು ಬೆಳ್ಳಗೆ ಹೊಸದಾಗಿದ್ದು, ಅಳತೆ ಮಾತ್ರ ಚಿಕ್ಕದಿದ್ದರೆ ಯಾರೋ ಸವೆದ ಮೂಲೆ ಮುಚ್ಚಲು ಇತ್ತೀಚೆಗೆ ಕತ್ತರಿಸಿದ್ದಾರೆ.

ಹೆಜ್ಜೆ 4: ಸರಣಿ ಪತ್ತೆ ಮಾಡಿ

ಅಮೆರಿಕದ ಕಾರ್ಡ್‌ಗಳಿಗೆ ಒಂದು ಸಂಕೇತ ಪದ್ಧತಿ ಇದೆ. ಅದನ್ನು ಮಾಡಿಕೊಟ್ಟವನು ಸಿರಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. ದೊಡ್ಡ ಸಾಹುಕಾರನಲ್ಲ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನು, ಮೈತುಂಬ ಸಂಧಿವಾತ. 1939ರಲ್ಲಿ ತನ್ನ ಮೊದಲ ಪಟ್ಟಿ ಹೊರತಂದ. 3 ಲಕ್ಷಕ್ಕೂ ಜಾಸ್ತಿ ಕಾರ್ಡ್ ಮತ್ತು ಕಾಗದದ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟ. ಕೊಟ್ಟು ಸುಮ್ಮನಾಗಲಿಲ್ಲ, ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್‌ಗಳಿಗೆ ಅಂಟಿಸಿದ. ಕೆಲಸ ಮುಗಿದದ್ದು 1963ರ ಆರಂಭದಲ್ಲಿ, ಅದೇ ವರ್ಷ ತೀರಿಕೊಂಡ.

ಅವನ ಪದ್ಧತಿಯಲ್ಲಿ ‘ಎನ್’ ಅಂದರೆ 19ನೇ ಶತಮಾನದ ಅಮೆರಿಕದ ತಂಬಾಕು ಕಾರ್ಡ್, ‘ಟಿ’ ಅಂದರೆ 20ನೇ ಶತಮಾನದ್ದು. ನಮಗೆ ಬೇಕಾದವು: ಎನ್ 45, ಅಲೆನ್ ಅಂಡ್ ಗಿಂಟರ್ ನಟನಟಿಯರು. ಎನ್ 145, ಡ್ಯೂಕ್. ಎನ್ 245, ಕಿನ್ನಿಯ ಸ್ವೀಟ್ ಕ್ಯಾಪೊರಲ್. ಒಂದೊಂದರ ಒಳಗೂ ಅಕ್ಷರದ ಜಾಗ, ಅಂಚಿನ ವಿನ್ಯಾಸ ನೋಡಿ ಮಾಡಿದ ಉಪಬಗೆಗಳಿವೆ.

ಮ್ಯೂಸಿಯಂನ ಜಾಲತಾಣದಲ್ಲಿ ಈ ಸಂಕೇತ ಹಾಕಿ ಹುಡುಕಿದರೆ ಸಾವಿರಾರು ಕಾರ್ಡ್‌ಗಳ ಚಿತ್ರ ಪುಕ್ಕಟೆಯಾಗಿ ಸಿಗುತ್ತವೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜಾರ್ಜ್ ಅರೆಂಟ್ಸ್ ಸಂಗ್ರಹವನ್ನೂ ನೋಡಿ. ಬ್ರಿಟಿಷ್ ಕಾರ್ಡ್‌ಗಳಿಗೆ 1927ರಲ್ಲಿ ಶುರುವಾದ ಲಂಡನ್ ಸಿಗರೇಟ್ ಕಾರ್ಡ್ ಕಂಪನಿಯ ಬೆಲೆಪಟ್ಟಿ ಒಳ್ಳೆಯ ಆಧಾರ. ಎಡ್ವರ್ಡ್ ವಾರ್ಟನ್ ಟೈಗರ್ ಅನ್ನುವವರ ಬೃಹತ್ ಸಂಗ್ರಹ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆಗ್ಡೆನ್ಸ್ ಗಿನಿ ಗೋಲ್ಡ್ ಮಾತ್ರ ಒಂದು ಕಾಡು. ನಟಿಯರ ಜೊತೆ ಸೇನಾಧಿಕಾರಿ, ರಾಜಕಾರಣಿ, ಕುದುರೆ, ಹಡಗು ಎಲ್ಲ ಸೇರಿಕೊಂಡಿವೆ, ನಂಬರಿನವು ಇವೆ, ನಂಬರಿಲ್ಲದವು ಅದಕ್ಕಿಂತ ಗೊಂದಲ. ಪೂರ್ತಿ ಸೆಟ್ ಮಾಡುವ ಹಠ ಬಿಟ್ಟು, ನಟಿಯರನ್ನಷ್ಟೇ ಆರಿಸಿಕೊಳ್ಳುವುದು ವಾಸಿ.

ಹೆಜ್ಜೆ 5: ಈಗ ಮುಖಕ್ಕೆ ಬನ್ನಿ

ಕಾರ್ಡಿನ ಮೇಲಿನ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಕಾಗುಣಿತ ತಪ್ಪಿರುತ್ತದೆ, ಹೆಸರೇ ಇಲ್ಲದ ಕಾರ್ಡ್‌ಗಳೂ ಬೇಕಾದಷ್ಟಿವೆ. ಆಗ ಸ್ಟುಡಿಯೊ ಮಾಡಿಟ್ಟ ದೊಡ್ಡ ಅಳತೆಯ ಫೋಟೋ ಹುಡುಕಿ. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಮತ್ತು ಬೆಂಜಮಿನ್ ಫಾಕ್ ಆ ಕಾಲದ ದೊಡ್ಡ ರಂಗಭೂಮಿ ಫೋಟೋಗ್ರಾಫರ್‌ಗಳು. ಅವರ ಸ್ಟುಡಿಯೊದ ದೊಡ್ಡ ಫೋಟೋಗಳ ಕೆಳಗೆ ಹೆಸರು ಇರುತ್ತದೆ. ಅಂದಹಾಗೆ ಫೋಟೋಗೆ ಕಾಪಿರೈಟ್ ಉಂಟು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1884ರಲ್ಲಿ ಒಪ್ಪಿಕೊಂಡದ್ದು ಇದೇ ಸರೋನಿ ತೆಗೆದ ಆಸ್ಕರ್ ವೈಲ್ಡ್ ಫೋಟೋದ ಮೊಕದ್ದಮೆಯಲ್ಲಿ.

ಹೋಲಿಸುವಾಗ ಕಣ್ಣು ಮೂಗು ನೋಡಬೇಡಿ, ಆ ಕಾಲದಲ್ಲಿ ಮುಖವನ್ನು ತಿದ್ದಿ ತೀಡಿ ನುಣ್ಣಗೆ ಮಾಡುತ್ತಿದ್ದರು. ಕಿವಿಯ ಆಕಾರ, ಕುರ್ಚಿ, ಪರದೆಯ ಚಿತ್ರ, ಉಡುಪಿನ ಕಸೂತಿ ನೋಡಿ. ಅದೇ ಪರದೆ, ಅದೇ ಕುರ್ಚಿ, ಅದೇ ಉಡುಪು ಸಿಕ್ಕರೆ ಒಂದೇ ದಿನ ತೆಗೆಸಿದ ಫೋಟೋ ಅಂತ ಧೈರ್ಯವಾಗಿ ಹೇಳಬಹುದು.

ಉಡುಪಿನಿಂದ ಕಾಲ ಹೇಳುವಾಗ ಒಂದು ತೊಡಕಿದೆ. ಸೊಂಟದ ಹಿಂದೆ ಉಬ್ಬಿದ ಲಂಗ 1880ರ ದಶಕದ್ದು, ಭುಜದಲ್ಲಿ ಬುಗ್ಗೆಯಾಗಿ ಊದಿದ ತೋಳು 1890ರ ದಶಕದ ನಡುವಿನದ್ದು. ಆದರೆ ಇವರು ನಟಿಯರು! ಹಾಕಿರುವುದು ಪಾತ್ರದ ವೇಷ, ರಾಣಿಯದ್ದೋ ಸೈನಿಕನದ್ದೋ ಆಗಿರಬಹುದು. ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿದಂತೆ, ಅಲ್ಲಿನ ಬರ್ಲೆಸ್ಕ್ ಅನ್ನುವ ಅಣಕು ಹಾಸ್ಯನಾಟಕಗಳಲ್ಲಿ ಹೆಂಗಸರು ಗಂಡಸಿನ ಪಾತ್ರ ಮಾಡುತ್ತಿದ್ದರು, ಟೈಟ್ಸ್ ಹಾಕಲು ಅದೊಂದು ನೆಪವೂ ಆಗಿತ್ತು ಅನ್ನಿ. ಹಾಗಾಗಿ ವೇಷಕ್ಕಿಂತ ತಲೆಗೂದಲಿನ ಶೈಲಿ ನಂಬಿಕೆಗೆ ಹತ್ತಿರ. ವಿಗ್ ಇಲ್ಲದಿದ್ದರೆ!

ಹೆಜ್ಜೆ 6: ಕೊಳ್ಳುವುದು

ಸಮಾಧಾನದ ಸುದ್ದಿ ಅಂದರೆ ನಟಿಯರ ಕಾರ್ಡ್‌ಗಳಿಗೆ ಬೇಸ್‌ಬಾಲ್ ಕಾರ್ಡ್‌ಗಳ ಬೆಲೆ ಇಲ್ಲ. ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ 1909ರ ಕಾಲದ ಸಿಗರೇಟ್ ಕಾರ್ಡ್ ಒಂದು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದಾದ, ನಿಜವಾದ ಫೋಟೋ ಆಗಿರುವ, ಹೆಸರು ಮರೆತುಹೋದ ನಟಿಯ ಕಾರ್ಡ್ ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗಬಹುದು. ಅನ್ಯಾಯ ಅನಿಸುತ್ತದೆ, ಕೊಳ್ಳುವವರಿಗೆ ಲಾಭ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಮಾರುವವರನ್ನು ನಾಲ್ಕು ಪ್ರಶ್ನೆ ಕೇಳಿ: ಬೆನ್ನಿನ ಫೋಟೋ ಕಳಿಸುತ್ತೀರಾ? ಓರೆ ಬೆಳಕಿನಲ್ಲಿ ತೆಗೆದದ್ದು ಇದೆಯಾ? ಅಳತೆ ಮಿಲಿಮೀಟರ್‌ನಲ್ಲಿ ಎಷ್ಟು? ಮಡಿಕೆ ಅಥವಾ ಸೂಜಿ ತೂತು ಇದೆಯಾ? ಉತ್ತರ ಕೊಡಲು ಸತಾಯಿಸುವವರನ್ನು ಬಿಟ್ಟುಬಿಡಿ. ಒಂದೊಂದೇ ಕಾರ್ಡ್ ತರಿಸಿದರೆ ಅಂಚೆ ಖರ್ಚೇ ಕಾರ್ಡಿಗಿಂತ ಜಾಸ್ತಿಯಾಗುತ್ತದೆ, ಆದ್ದರಿಂದ ಒಬ್ಬರ ಹತ್ತಿರವೇ ಹತ್ತಾರು ಸೇರಿಸಿ ತರಿಸಿ. ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸುಂಕ ತಪ್ಪಿಸಲು ಗಿಫ್ಟ್ ಅಂತ ಬರೆದು ಕಳಿಸಿ ಅನ್ನುವ ಜಾಣತನ ಬೇಡ.

ನಮ್ಮಲ್ಲೇ ಸಿಗುವುದಿಲ್ಲವಾ? ಸಿಗುತ್ತವೆ, ಆದರೆ ಬಹುಪಾಲು ಇನ್ನೊಂದು ಬಗೆ. ಬ್ರಿಟಿಷ್ ಕಂಪನಿ ವಿಲ್ಸ್, ಭಾರತದ ಮಾರುಕಟ್ಟೆಗೆ ಸಿಜರ್ಸ್ ಬ್ರ್ಯಾಂಡಿನ ಜೊತೆ ನಟಿಯರ ಕಾರ್ಡ್ ಕೊಟ್ಟಿತ್ತು, 1900ರ ಮೊದಲ ಒಂದೆರಡು ದಶಕಗಳಲ್ಲಿ. ಇಲ್ಲಿದ್ದ ಬ್ರಿಟಿಷ್ ಸೈನಿಕರು ಅದರ ದೊಡ್ಡ ಗಿರಾಕಿಗಳು. ದಂಡು ಇದ್ದ ಬೆಂಗಳೂರಿನಂಥ ಊರುಗಳ ಹಳೇ ಮನೆಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಕಣ್ಣಾಡಿಸಿದರೆ ಸಿಗುವ ಸಾಧ್ಯತೆ ಇದಕ್ಕೇ ಜಾಸ್ತಿ. ಇಂಪೀರಿಯಲ್ ಟೊಬ್ಯಾಕೊ, ಅಂದರೆ ಇಂದಿನ ಐಟಿಸಿ, 1913ರಲ್ಲಿ ಸಿಗರೇಟ್ ಕಾರ್ಖಾನೆ ತೆರೆದದ್ದೂ ಬೆಂಗಳೂರಿನಲ್ಲೇ. ಆದರೆ ಎಚ್ಚರ, ಸಿಜರ್ಸ್ ಕಾರ್ಡ್‌ಗಳು ಸಾಮಾನ್ಯವಾಗಿ ಅಚ್ಚು ಹಾಕಿದವು. ಫೋಟೋ ಅಂತ ಹೇಳಿ ಯಾರಾದರೂ ಬೆಲೆ ಏರಿಸಿದರೆ ಲೂಪ್ ಹೊರತೆಗೆಯಿರಿ.

ಹೆಜ್ಜೆ 7: ಕಾಪಾಡುವುದು

ನೀರು ಮುಟ್ಟಿಸಬೇಡಿ. ಅಚ್ಚಿನ ಕಾರ್ಡನ್ನು ನೀರಲ್ಲಿ ನೆನೆಸಿ ಅಂಟು ಬಿಡಿಸುವವರಿದ್ದಾರೆ, ಅದನ್ನು ನೋಡಿ ಫೋಟೋ ಕಾರ್ಡಿಗೂ ಹಾಗೇ ಮಾಡಿದರೆ ಮೊಟ್ಟೆಲೋಳೆಯ ಪದರ ಬಿರಿಯುತ್ತದೆ, ಜೆಲಟಿನ್ ಆದರೆ ಉಬ್ಬಿ ಅಂಟಂಟಾಗುತ್ತದೆ. ಎರೇಸರ್ ಕೂಡ ಮುಖದ ಮೇಲೆ ಬೇಡ. ಧೂಳಿಗೆ ಮೃದುವಾದ ಒಣ ಬ್ರಶ್ ಸಾಕು. ಹಳೇ ಆಲ್ಬಮ್‌ಗೆ ಅಂಟಿರುವ ಕಾರ್ಡ್ ಸಿಕ್ಕರೆ ಪುಟದ ಸಮೇತ ಹಾಗೇ ಇಡಿ.

ನಮ್ಮ ಹವೆಯಲ್ಲಿ ದೊಡ್ಡ ಶತ್ರು ತೇವ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಅಂದರೆ ಪುಸ್ತಕಕ್ಕೇ ಬೂಷ್ಟು ಹಿಡಿಯುತ್ತದೆ, ಜೆಲಟಿನ್ ಅಂತೂ ಬೂಷ್ಟಿಗೆ ಮೃಷ್ಟಾನ್ನ. ಗಾಳಿಯ ತೇವ ಶೇ. 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಇಡೀ ಕೋಣೆಯನ್ನು ಹಾಗಿಡಲು ಆಗದವರು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಪುಟ್ಟ ಮೀಟರ್ ಇಡಿ. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಬೇಕು, ಇದನ್ನೇ ಎಲ್ಲರೂ ಮರೆಯುವುದು. ತೀರಾ ಒಣಗಿಸುವುದೂ ಬೇಡ, ಆಲ್ಬ್ಯೂಮೆನ್ ಬಿರುಕು ಹೆಚ್ಚಾಗುತ್ತದೆ.

ಕವರ್‌ಗಳಲ್ಲಿ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಒಳ್ಳೆಯದು. ಮೂಗಿಗೆ ಹೊಸ ರೈನ್‌ಕೋಟಿನ ವಾಸನೆ ಹೊಡೆಯುವ ಪಿವಿಸಿ ಕವರ್ ಬೇಡವೇ ಬೇಡ. ನುಸಿಗುಳಿಗೆಯನ್ನು ಡಬ್ಬಿಯೊಳಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕನ್ನು ಕೆಡಿಸಬಲ್ಲದು. ಕಬ್ಬಿಣದ ಬೀರು ಪರವಾಗಿಲ್ಲ, ಆದರೆ ಹೊರಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯ ತಣುಪು ಒಳಗೆ ಬರುತ್ತದೆ. ಫ್ರೇಮ್ ಹಾಕಿ ಹಾಲ್‌ನಲ್ಲಿ ತೂಗುಹಾಕುವ ಆಸೆ ಇದ್ದರೆ ಸ್ಕ್ಯಾನ್ ಮಾಡಿ ಅದರ ಪ್ರಿಂಟ್ ತೂಗುಹಾಕಿ. ಆಲ್ಬ್ಯೂಮೆನ್ ಬೆಳಕಿಗೆ ಬೇಗ ಮಾಸುತ್ತದೆ.

ಹೆಜ್ಜೆ 8: ಸ್ಕ್ಯಾನ್ ಮತ್ತು ದಾಖಲೆ

1200 ಡಿಪಿಐನಲ್ಲಿ ಮುಂದೆ, ಹಿಂದೆ ಎರಡೂ ಸ್ಕ್ಯಾನ್ ಮಾಡಿ ಟಿಫ್ ಫೈಲಾಗಿ ಉಳಿಸಿ. ಆ ಅಳತೆಯಲ್ಲಿ ಇಷ್ಟು ಚಿಕ್ಕ ಕಾರ್ಡ್ ಕೂಡ ಉದ್ದಕ್ಕೆ 3,000 ಪಿಕ್ಸೆಲ್ ದಾಟುತ್ತದೆ, ಬಿರುಕು, ನಾರು ಎಲ್ಲ ಕಾಣುತ್ತದೆ. ಬಣ್ಣ ಸರಿಪಡಿಸುವ ಆಟೊ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ಹಳದಿಯನ್ನೆಲ್ಲ ತೆಗೆದುಹಾಕಿ ನಿಮ್ಮ ಸಾಕ್ಷಿಯನ್ನೇ ಅಳಿಸುತ್ತದೆ.

ಒಂದು ಎಕ್ಸೆಲ್ ಹಾಳೆಯಲ್ಲಿ ಸರಣಿ ಸಂಕೇತ, ಬ್ರ್ಯಾಂಡ್, ಕಂಪನಿ, ಕಾರ್ಡಿನ ಮೇಲಿರುವ ಹೆಸರು ಇದ್ದದ್ದು ಇದ್ದ ಹಾಗೆ, ನೀವು ಗುರುತಿಸಿದ ಹೆಸರು ಬೇರೆ ಕಾಲಂನಲ್ಲಿ, ಗುರುತಿಸಿದ್ದು ಹೇಗೆ, ಅಳತೆ, ಕುಂದು, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಇಷ್ಟು ಬರೆದಿಡಿ. ಕಾರ್ಡಿನ ಹೆಸರು ಮತ್ತು ನಿಮ್ಮ ಊಹೆ ಎರಡನ್ನೂ ಒಂದೇ ಕಾಲಂಗೆ ತುರುಕಬೇಡಿ. ನಾಳೆ ಊಹೆ ತಪ್ಪಾದರೆ ಮೂಲ ಯಾವುದು ಅಂತ ನಿಮಗೇ ತಿಳಿಯುವುದಿಲ್ಲ.

ಮುಂದೆ ಮಾರುವ ಯೋಚನೆ ಇದ್ದರೆ

ದೇಶದೊಳಗೆ ಬದಲಾಯಿಸಿಕೊಳ್ಳಲು, ಮಾರಲು ಅಂಚೆಚೀಟಿ, ನಾಣ್ಯ ಸಂಗ್ರಹಕಾರರ ಕೂಟಗಳು ಒಳ್ಳೆಯ ಜಾಗ, ಕಾಗದದ ಹಳೇ ವಸ್ತುಗಳಲ್ಲಿ ಆಸಕ್ತಿ ಇರುವವರು ಅಲ್ಲೇ ಸಿಗುತ್ತಾರೆ. ವಿದೇಶಕ್ಕೆ ಕಳಿಸುವ ಮುನ್ನ ಮಾತ್ರ ಸ್ವಲ್ಪ ನಿಲ್ಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ವಸ್ತುಗಳನ್ನು ಹಾಗೇ ದೇಶದಿಂದ ಹೊರಗೆ ಕಳಿಸುವಂತಿಲ್ಲ. 1880ರ ದಶಕದ ಕಾರ್ಡಿಗೆ ನೂರು ವರ್ಷ ಯಾವಾಗಲೋ ಆಗಿದೆ. ನಿಮ್ಮ ಕಾರ್ಡ್ ಆ ಪಟ್ಟಿಗೆ ಬರುತ್ತದಾ ಇಲ್ಲವಾ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಂಡು, ಕೊಂಡ ರಸೀದಿ ಮತ್ತು ಹೊರದೇಶದಿಂದ ಬಂದಾಗಿನ ಕಸ್ಟಮ್ಸ್ ಕಾಗದದ ಜೊತೆ ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.